ಅಡಗೂಲಜ್ಜಿಯ ಕಥೆಯೂ ಯುವಜನರ ಕಾದಂಬರಿಯೂ

ಕನ್ನಡದಲ್ಲಿ ಗದ್ಯರೂಪವಾದ ದೀರ್ಘಕಥೆಗೆ ‘ಕಾದಂಬರಿ’ ಎಂಬ ಹೆಸರು ರೂಢವಾಗಿರುವುದು ಎಲ್ಲರಿಗೂ ವಿದಿತವಾದ ವಿಷಯ. ಆ ಹೆಸರು ಮೂಲತಃ ಒಬ್ಬ ಕನ್ಯೆಯದೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ನಾಯಿಕೆಯಾದ ಕಾದಂಬರಿಯು ಗಂಧರ್ವರ ಹುಡುಗಿ. ಮಹಾಶ್ವೇತೆ ಅವಳ ಗೆಳತಿ. ಆ ಕಥೆ ರಾಜಸಭೆಗೆ ಬಂದು ಮುಟ್ಟುವುದು ಒಂದು ಗಿಳಿಯ ಬಾಯಿಂದ. ಶಾಪದಿಂದ ಕುದುರೆಯಾಗಿ ಹುಟ್ಟಿದ ಸ್ನೇಹಿತ, ಸತ್ತು ಮತ್ತೊಂದು ಜನ್ಮವೆತ್ತಿ ಬರುವ ಪ್ರಿಯ, ಅವನಿಗಾಗಿ ವರ್ಷಗಟ್ಟಲೆ ಕಾದಿರುವ ತರುಣಿ – ಇವೆಲ್ಲವೂ ಅಲ್ಲಿವೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಇದನ್ನು ಕನ್ನಡದ ಚಂಪುವಾಗಿ ಮಾಡಿದನು. ಹನ್ನೆರಡನೆಯ ಶತಮಾನದ ನೇಮಿಚಂದ್ರನು ‘ಲೀಲಾವತಿ ಪ್ರಬಂಧ’ದಲ್ಲಿ ಇಂಥದೇ ಒಂದು ಕಥೆಯನ್ನು ನಮ್ಮ ಬನವಾಸಿಗೆ ತಂದು ನಿಲ್ಲಿಸಿ, ಒಬ್ಬರನ್ನೊಬ್ಬರು ಕನಸಿನಲ್ಲಿ ಮಾತ್ರ ಕಂಡ ರಾಜಕುಮಾರ ರಾಜಕುಮಾರಿಯರನ್ನು ಒಂದುಗೂಡಿಸಿದನು. ಹೀಗೆ ಅದ್ಭುತದ ಮಡಿಲಲ್ಲಿ ಯೌವನದ ಕಥೆಯನ್ನು ಹೇಳುವುದು ಈ ಭಾಷೆಗೆ ಹೊಸದೇನೂ ಅಲ್ಲ. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ ಆರಂಭವಾದ ಸಾಮಾಜಿಕ ಕಾದಂಬರಿಯು ಮಾತ್ರ, ಗಂಧರ್ವಕನ್ಯೆಯ ಹೆಸರನ್ನು ಉಳಿಸಿಕೊಂಡು ಗಂಧರ್ವಲೋಕವನ್ನು ಹೊರಗಟ್ಟಿತು.

ಇಂಗ್ಲಿಷಿನಲ್ಲಿ ಸುಮಾರು ಐವತ್ತು ವರ್ಷಗಳಿಂದ ಇದಕ್ಕೆ ವಿರುದ್ಧವಾದ ಒಂದು ಚಲನೆ ನಡೆದಿದೆ. ಹದಿಹರೆಯದವರಿಗೆಂದೇ ಬರೆಯುವ, ಅಲ್ಲಿನ ಪುಸ್ತಕವ್ಯಾಪಾರಿಗಳು ‘ಯಂಗ್ ಅಡಲ್ಟ್’ ಎಂದು ಕರೆಯುವ ಕಾದಂಬರಿಗಳಲ್ಲಿ ಒಂದು ದೊಡ್ಡ ಶಾಖೆಯು ಹಳೆಯ ಅಜ್ಜಿಕಥೆಗಳನ್ನೇ ವಸ್ತುವಾಗಿ ಉಳ್ಳದ್ದು. ರಾಬಿನ್ ಮೆಕಿನ್ಲಿಯವರ ‘ಬ್ಯೂಟಿ’ (೧೯೭೮), ಡೊನ್ನಾ ಜೋ ನಪೋಲಿಯವರ ‘ಜೆಲ್’ (೧೯೯೬), ಗೇಲ್ ಕಾರ್ಸನ್ ಲೆವೀನರ ‘ಎಲ್ಲಾ ಎನ್‌ಚಾಂಟೆಡ್’ (೧೯೯೭), ಶಾನನ್ ಹೇಲರ ‘ದಿ ಗೂಸ್ ಗರ್ಲ್’ (೨೦೦೩) ಎಂಬಿವು ಇವುಗಳಲ್ಲಿ ಪ್ರಸಿದ್ಧವಾದವು. ಕನ್ನಡದಲ್ಲಿ ಇಂಥ ಶಾಖೆಯೊಂದು ಬೆಳೆಯಲಿಲ್ಲ. ಕಥೆಗಳ ಬಡತನವೇ ಇದಕ್ಕೆ ಕಾರಣವೆಂದು ಯಾರೂ ಹೇಳಲಾರರು. ಹಾಗಾದರೆ ನಮ್ಮ ಅಜ್ಜಿಕಥೆಯು ಅಡಿಗೆಮನೆಯಿಂದ ಅಚ್ಚಿನಮನೆಗೆ ಬರುವ ದಾರಿಯಲ್ಲಿ ಏನಾಯಿತು, ಅದರ ಯಾವ ಅಂಶ ಯಾರ ಪಾಲಿಗೆ ಹೋಯಿತು, ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಹಂಚಿಕೆಯಲ್ಲಿ ಮಕ್ಕಳಿಗೆ ಒಂದು ಪಾಲೂ ಪ್ರೌಢರಿಗೆ ಒಂದು ಪಾಲೂ ದೊರೆತು, ಯಾರಿಗಾಗಿ ಆ ಕಥೆ ಮುಖ್ಯವಾಗಿ ಹುಟ್ಟಿತೋ ಆ ಹದಿಹರೆಯದ ಹುಡುಗಿಗೆ ಮಾತ್ರ ಬರಿಗೈಯಾಯಿತೆಂದು ನಮಗೆ ತೋರುತ್ತದೆ.

ಮೊದಲು ಕಥೆಯ ನೆಲೆಯನ್ನು ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿ ಇಂಥ ಕಥೆಗಳಿಗೆ ‘ಅಡಗೂಲಜ್ಜಿ ಕಥೆ’ ಎಂಬ ಹೆಸರುಂಟು. ಅಡು, ಕೂಳು ಎಂಬ ಎರಡು ಮಾತುಗಳನ್ನು ಈ ಹೆಸರಿನಲ್ಲಿ ಗುರುತಿಸಬಹುದು. ಊರಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು, ದಾರಿಹೋಕರಿಗೆ ಕೂಳು ಬೇಯಿಸಿ ಹಾಕಿ ಜೀವಿಸುವ ಈ ಮುದುಕಿ ಕಥೆಯೊಳಗಿನ ಪಾತ್ರ. ದೇಶಾಂತರ ಹೊರಟ ರಾಜಕುಮಾರನಿಗೂ ಮನೆಬಿಟ್ಟ ಹುಡುಗಿಗೂ ಅವಳ ಮನೆಯೇ ತಂಗುದಾಣ. ಊರಿನ ಗುಟ್ಟನ್ನೆಲ್ಲ ಹೇಳುವವಳೂ ಅವಳೇ. ಕಥೆಯೊಳಗಿನ ಅಜ್ಜಿಯ ಹೆಸರು ಕಥೆ ಹೇಳುವ ಅಜ್ಜಿಗೂ, ಕೊನೆಗೆ ಕಥೆಯ ಜಾತಿಗೇ ಅಂಟಿಕೊಂಡಿರುವುದು ಸ್ವಾರಸ್ಯವಾದ ಸಂಗತಿ. ಅನ್ನ ಬೇಯಿಸುವವಳೇ ಕಥೆಯನ್ನೂ ಬಡಿಸುವವಳಾದಳು.

ಮಂಡ್ಯ ತಾಲ್ಲೂಕಿನ ಯಲಿಯೂರನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಬೆಂಗಳೂರು–ಮೈಸೂರು ರೈಲುದಾರಿಯಲ್ಲಿ ಮಂಡ್ಯದಿಂದ ಶ್ರೀರಂಗಪಟ್ಟಣದ ಕಡೆಗೆ ಹೊರಟವರಿಗೆ ಸಿಕ್ಕುವ ಈ ಊರು ಕನ್ನಂಬಾಡಿ ಕಟ್ಟೆಯ ನೀರು ಹರಿದ ಸೀಮೆಗೆ ಸೇರಿದ್ದು. ನಾಲೆಯ ನೀರು ಬರುವುದಕ್ಕೆ ಮೊದಲು ಈ ಸೀಮೆಯ ಬಹುಭಾಗ ಮಳೆಯನ್ನೇ ನಂಬಿದ ರಾಗಿಯ ಹೊಲ. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಹೊಲ ಗದ್ದೆಯಾಗಿ ಕಬ್ಬಿನ ತೋಟವಾಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಬೀಸುವ ಕಲ್ಲಿನೊಡನೆ ಹಾಡು ಹೋಯಿತೆಂದು ಎಲ್ಲರೂ ಹೇಳುವರು. ಕಥೆಯ ವಿಷಯ ಅಷ್ಟು ಸುಲಭವಲ್ಲ. ಹಾಡು ಕೆಲಸದ ಜೊತೆಗಾತಿ. ಕಥೆಯು ಕೆಲಸ ಮುಗಿದ ಮೇಲಿನದು. ಊಟದ ಅನಂತರ, ಒಲೆಯ ಕೆಂಡ ಇನ್ನೂ ಆರಿರದ ಹೊತ್ತಿನಲ್ಲಿ, ಮಕ್ಕಳು ನಿದ್ದೆಹೋಗುವ ತನಕ ಒಂದು ಕಥೆ. ಮಕ್ಕಳು ನಿದ್ದೆಹೋದ ಮೇಲೆ ಎಚ್ಚರವಾಗಿರುವ ದೊಡ್ಡ ಹುಡುಗಿಯರಿಗೂ ಸೊಸೆಯರಿಗೂ ಮತ್ತೊಂದು ಕಥೆ. ಈ ಎರಡನೆಯದೇ ನಮ್ಮ ವಿಚಾರಕ್ಕೆ ಮುಖ್ಯವಾದುದು.

ಹಾಡಿನ ಸಂಗ್ರಹಕ್ಕೂ ಕಥೆಯ ಸಂಗ್ರಹಕ್ಕೂ ನಡುವೆ ಇರುವ ಅಂತರವನ್ನು ಇಲ್ಲಿಯೇ ಹೇಳಬೇಕು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ಎರಡು ವರ್ಷಗಳ ಮೇಲೆ, ೧೯೩೩ರಲ್ಲಿ, ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ರಂಗಸ್ವಾಮಿಯವರು ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಎಂಬ ಗ್ರಂಥವನ್ನು ಹೊರತಂದರು. ಮುಂದೆ ನಾಗಮಂಗಲ ತಾಲ್ಲೂಕೊಂದೇ ಜೀ.ಶಂ. ಪರಮಶಿವಯ್ಯನವರನ್ನೂ (೧೯೩೩–೧೯೯೫), ಎಚ್.ಎಲ್. ನಾಗೇಗೌಡರನ್ನೂ (೧೯೧೫–೨೦೦೫) ಜಾನಪದಕ್ಕೆ ಕೊಟ್ಟಿತು. ೧೯೭೯ರಲ್ಲಿ ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಅವರ ಜಾನಪದ ಲೋಕ ರಾಮನಗರದ ಬಳಿ ಎದ್ದಿತು. ಇಷ್ಟು ಸಮೃದ್ಧವಾದ ಪರಂಪರೆಯಲ್ಲಿಯೂ ಮೊದಲ ಮಣೆ ಹಾಡಿಗೆ. ಎರಡನೆಯದು ಗಾಯಕರು ಸಭೆಯಲ್ಲಿ ಹಾಡುವ ದೀರ್ಘಕಾವ್ಯಕ್ಕೆ. ಮಳವಳ್ಳಿಯ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಾವ್ಯವು ವಿದ್ವಾಂಸರ ಮನ್ನಣೆಯನ್ನು ಪಡೆದು ಗ್ರಂಥಸ್ಥವಾಯಿತು, ರಂಗಕ್ಕೂ ಬಂದಿತು. ಅಡಿಗೆಮನೆಯ ಕಥೆಗೆ ಆ ಭಾಗ್ಯ ತಡವಾಗಿ ಬಂದಿತು.

ಇದಕ್ಕೆ ಕಾರಣವನ್ನು ಎ.ಕೆ. ರಾಮಾನುಜನ್ (೧೯೨೯–೧೯೯೩) ಅವರ ವಿವೇಚನೆಯಿಂದ ಊಹಿಸಬಹುದು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಅವರು ತಮಿಳು ಲಕ್ಷಣಕಾರರ ಅಗಂ, ಪುರಂ ಎಂಬ ವಿಭಾಗವನ್ನು ಕನ್ನಡದ ಕಥೆಗಳಿಗೆ ಹೊಂದಿಸಿದರು. ಒಳಮನೆಯ ಕಥೆಯಲ್ಲಿ ಪಾತ್ರಗಳಿಗೆ ಅಂಕಿತನಾಮವಿಲ್ಲ, ಊರಿಗೂ ಹೆಸರಿಲ್ಲ, ಒಬ್ಬ ರಾಜ, ಒಬ್ಬ ಮುದುಕಿ, ಕಿರಿಯ ಮಗಳು, ಅಷ್ಟೆ. ಕಥೆ ಹೊರಜಗಲಿಗೆ ಬಂದಂತೆಲ್ಲ ಹೆಸರು ಬರುತ್ತದೆ, ಊರು ಬರುತ್ತದೆ, ಕುಲಗೋತ್ರ ಬರುತ್ತವೆ, ಕೊನೆಗೆ ದೇವರೂ ಬರುತ್ತಾನೆ. ಸಂಗ್ರಾಹಕರಲ್ಲಿ ಹೆಚ್ಚಿನವರು ಗಂಡಸರು; ಅವರು ಕುಳಿತುದು ಹೊರಜಗಲಿಯಲ್ಲಿ. ಮೇಲಾಗಿ ಇತಿಹಾಸದ ಅಭಿಮಾನವುಳ್ಳ ವಿದ್ವಾಂಸನಿಗೆ ಹೆಸರಿರುವುದು ಪ್ರಿಯ: ಕುಮಾರರಾಮನಿಗೆ ಕಾಲ ಗೊತ್ತುಮಾಡಬಹುದು, ಕಿರಿಯ ಮಗಳಿಗೆ ಯಾವ ಶಾಸನವನ್ನು ಹುಡುಕುವುದು?

ರಾಮಾನುಜನ್ ಅವರು ಕನ್ನಡದಲ್ಲಿ ಕೇಳಿ ಬರೆದುಕೊಂಡು, ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಥೆಗಳಲ್ಲಿ ಎರಡನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ.

ಮೊದಲನೆಯದು ಹಂಚಿಯ ಕಥೆ. ಒಬ್ಬ ಮುದುಕಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳ ಕೂದಲು ಚಿನ್ನದ್ದು. ಬೆಳೆದ ತಂಗಿಯನ್ನು ಒಂದು ದಿನ ಕಂಡ ಅಣ್ಣನು ಅವಳನ್ನೇ ಮದುವೆಯಾಗುವೆನೆಂದು ಹಟಹಿಡಿಯುತ್ತಾನೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಸುಕೊಂದನ್ನು ಮಾಡಿಸಿ ಹಾಕಿ, ಬುತ್ತಿ ಕಟ್ಟಿಕೊಟ್ಟು, ಊರುಬಿಡಿಸುತ್ತಾಳೆ. ಹಂಚಿನ ಮೋರೆಯವಳಾದುದರಿಂದ ಅವಳಿಗೆ ಹಂಚಿಯೆಂಬ ಹೆಸರು. ಸಾಹುಕಾರನ ಮನೆಯಲ್ಲಿ ಚಾಕರಿಗೆ ಸೇರಿದ ಅವಳು ಒಂದು ದಿನ ತೋಟದಲ್ಲಿ ಮುಸುಕು ತೆಗೆದು ಸ್ನಾನಮಾಡುವಾಗ ಆ ಮನೆಯ ಮಗನು ನೋಡುತ್ತಾನೆ, ಮದುವೆಯಾಗುತ್ತದೆ. ಬೇರೆ ದೇಶಗಳ ಕಥೆಯಾಗಿದ್ದರೆ ಇಲ್ಲಿಗೆ ಮಂಗಳ. ನಮ್ಮ ಅಜ್ಜಿಗೆ ಇದು ಅರ್ಧದಾರಿ. ಆ ಮನೆಗೆ ಬರುವ ಗುರುವೊಬ್ಬನು ಸೊಸೆಯ ಮೇಲೆ ಕಣ್ಣಿಡುತ್ತಾನೆ. ಮಾಟಮಂತ್ರಗಳಿಂದ ವಶಳಾಗದ ಅವಳ ಮೇಲೆ ಅಪವಾದ ಹೊರಿಸುತ್ತಾನೆ. ಮನೆಯವರು ನಂಬಿ ಅವಳನ್ನು ಹೊಡೆದು ಹೊರಹಾಕುತ್ತಾರೆ. ಕೊನೆಗೆ ಅವಳು ಬೇರೆಲ್ಲೂ ಸಿಗದ ತನ್ನ ಕೈರುಚಿಯ ಸಿಹಿಯನ್ನದಿಂದ ಗುರುತಿಸಲ್ಪಡುತ್ತಾಳೆ. ಪಾಶ್ಚಾತ್ಯರ ಸಿಂಡರೆಲ್ಲಾ ಕಾಲಿನ ಅಳತೆಯಿಂದ ಗುರುತು ಸಿಕ್ಕಿದವಳು. ಹಂಚಿಗೆ ಅವಳ ಕೈಯ ವಿದ್ಯೆಯೇ ಗುರುತು. ಈ ಭೇದವನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ.

ಈ ಕಥೆಯ ಬಳಗ ದೊಡ್ಡದು. ಒಂಬತ್ತನೆಯ ಶತಮಾನದ ಚೀಣಾ ಗ್ರಂಥವೊಂದರಲ್ಲಿ ಯೆ ಶಿಯಾನ್ ಎಂಬ ಹುಡುಗಿ ಇದ್ದಾಳೆ. ಮರಿಯನ್ ಕಾಕ್ಸ್ ಎಂಬ ವಿದುಷಿಯು ೧೮೯೩ರಲ್ಲಿಯೇ ಇದರ ೩೪೫ ರೂಪಗಳನ್ನು ಕೂಡಿಸಿದ್ದಳು. ಮನೆಯವನೇ ಮದುವೆಯಾಗಬಯಸಿದ್ದರಿಂದ ವೇಷಮರೆಸಿ ಓಡಿಹೋಗುವ ಹುಡುಗಿಯ ಕಥೆಯು ಇದರಲ್ಲಿ ಒಂದು ಪ್ರತ್ಯೇಕ ಕವಲು. ಫ್ರೆಂಚ್ ಲೇಖಕ ಪೆರೋನ ಹುಡುಗಿ ಕತ್ತೆಯ ತೊಗಲನ್ನು ಹೊದ್ದಳು, ಕನ್ನಡದ ಹುಡುಗಿ ಮಣ್ಣಿನ ಮೋರೆಯನ್ನು ತೊಟ್ಟಳು. ರಾಮಾನುಜನ್ ಅವರ ‘ಹಂಚಿ’ ಕುರಿತ ಪ್ರಬಂಧವು ಆಲನ್ ಡಂಡಿಸ್ ಸಂಪಾದಿಸಿದ ಸಿಂಡರೆಲ್ಲಾ ಲೇಖನಸಂಪುಟದಲ್ಲಿ ಸೇರಿರುವುದರಿಂದ ಹೊರನಾಡಿನ ಪಂಡಿತರಿಗೆ ಇವಳು ಪರಿಚಿತಳೇ.

ಎರಡನೆಯದು ಹೂಮರವಾಗುವ ಹುಡುಗಿಯ ಕಥೆ. ಬಡತಾಯಿಯ ಕಿರಿಯ ಮಗಳು ಒಂದು ಬಿಂದಿಗೆ ನೀರು ಸುರಿಸಿಕೊಂಡು ಮರವಾಗುತ್ತಾಳೆ, ಅಕ್ಕ ಹೂ ಬಿಡಿಸಿಕೊಳ್ಳುತ್ತಾಳೆ. ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಕೊಂಬೆಗಾಗಲಿ ಚಿಗುರಿಗಾಗಲಿ ನೋವಾಗಬಾರದೆಂಬುದೊಂದೇ ಕಟ್ಟಳೆ. ರಾಜಕುಮಾರನು ಮದುವೆಯಾಗುತ್ತಾನೆ. ಅವನ ತಂಗಿ ತನ್ನ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು, ಬಲವಂತದಿಂದ ಮರವಾಗಿಸಿ, ಎಳೆದು ಮುರಿದು ಹೂ ಕಿತ್ತು, ಅರೆಮನಸ್ಸಿನಿಂದ ನೀರು ಎರಚಿ ಹೊರಟುಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದ ಒಂದು ಮೊಂಡವಾಗಿ ಉಳಿಯುತ್ತಾಳೆ. ಎಷ್ಟೋ ಕಾಲದ ಮೇಲೆ, ಬೈರಾಗಿಯಾಗಿ ಅಲೆಯುತ್ತಿದ್ದ ಗಂಡನು ಅವಳನ್ನು ಕಂಡು, ಮುರಿದ ಕೊಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ ಕಟ್ಟಿ, ನೀರೆರೆದು ಬದುಕಿಸುತ್ತಾನೆ.

ಈ ಎರಡು ಕಥೆಗಳ ನಾಯಿಕೆಯ ವಯಸ್ಸನ್ನು ಗಮನಿಸತಕ್ಕದ್ದು. ಅವಳು ಶಿಶುವಲ್ಲ, ಮನೆಯೊಡತಿಯೂ ಆಗಿಲ್ಲ. ಮೈನೆರೆಯುವ ಕಾಲಕ್ಕೂ ಹೊಸ ಮನೆಯಲ್ಲಿ ನೆಲೆಗೊಳ್ಳುವ ಕಾಲಕ್ಕೂ ನಡುವಣ ಆ ಅಪಾಯದ ಹೊಸ್ತಿಲಿನ ಮೇಲೆ ನಿಂತವಳು. ತನ್ನ ರೂಪವೇ ತನಗೆ ಆಪತ್ತಾಗುವುದು, ತನ್ನೊಳಗಿನ ಒಂದು ಶಕ್ತಿಯನ್ನು ಪರರು ಆಜ್ಞೆಯಿಂದ ಬಳಸಿಕೊಳ್ಳುವುದು, ನಂಬಬೇಕಾದ ಮನೆಯಲ್ಲಿಯೇ ನಂಬಿಕೆ ತಪ್ಪುವುದು, ಇವು ಅವಳ ಅನುಭವಗಳು. ಇವನ್ನು ಅವಳಿಗೆ ಬಿಚ್ಚಿ ಹೇಳುವುದು ಕಷ್ಟ. ಹೇಳದೆ ಬಿಡುವುದು ಅಪಾಯ. ಅಜ್ಜಿಯು ಅದ್ಭುತವನ್ನು ಮುಂದಿಟ್ಟು ಹೇಳಿದಳು. ಹೆಣ್ಣು ನಾಯಿಕೆಯಾದ ಕಥೆಗಳಲ್ಲಿ ಮದುವೆಯು ಕಥೆಯ ಮುಕ್ತಾಯವಾಗದೆ ಕಷ್ಟದ ಆರಂಭವಾಗುವುದೆಂಬ ರಾಮಾನುಜನ್ ಅವರ ಮಾತು ಇಲ್ಲಿ ಸಂಪೂರ್ಣವಾಗಿ ಒಪ್ಪುತ್ತದೆ.

ಅಚ್ಚಿಗೆ ಬಂದಾಗ ಕಥೆ ಮೆತ್ತಗಾಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಜರ್ಮನಿಯ ಗ್ರಿಮ್ ಸಹೋದರರು ೧೮೧೨ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ, ಗೋಪುರದಲ್ಲಿ ಕೂಡಿಹಾಕಿದ ರಾಪುಂಜೆಲ್ ತನ್ನ ಉಡುಪು ಏಕೆ ಬಿಗಿಯಾಗುತ್ತಿದೆಯೆಂದು ಮುಗ್ಧಳಾಗಿ ಕೇಳುತ್ತಾಳೆ, ಅವಳು ಗರ್ಭಿಣಿ. ಮಕ್ಕಳ ಕೈಗೆ ಕೊಡುವ ಪುಸ್ತಕದಲ್ಲಿ ಇದು ಸಲ್ಲದೆಂದು ಮುಂದಿನ ಆವೃತ್ತಿಗಳಲ್ಲಿ ತೆಗೆದುಹಾಕಿದರು. ಹಿಮಗೌರಿಯನ್ನು ಕೊಲ್ಲಿಸಹೊರಟ ಹೆತ್ತ ತಾಯಿಯೇ ಆಮೇಲೆ ಮಲತಾಯಿಯಾದಳು. ೧೮೫೭ರ ಕೊನೆಯ ಆವೃತ್ತಿಯ ಹೊತ್ತಿಗೆ ಕಥೆ ಶಿಶುಗೃಹಕ್ಕೆ ತಕ್ಕಂತೆ ಆಗಿತ್ತು. ಆ ಜನರಲ್ಲಿ ಹೀಗೆ ಕಳೆದುಹೋದುದನ್ನು ಒಂದು ಶತಮಾನಕ್ಕೂ ಮಿಕ್ಕ ಕಾಲದ ಮೇಲೆ ತರುಣರ ಕಾದಂಬರಿಯು ಹಿಂದಕ್ಕೆ ತಂದಿತು. ನಪೋಲಿಯವರ ‘ಜೆಲ್’ನಲ್ಲಿ ರಾಪುಂಜೆಲಳ ಕಥೆಯು ಬಂದಿಯಾದ ಹುಡುಗಿಯ ಮನಸ್ಸಿನೊಳಗಿನಿಂದಲೂ ಅವಳನ್ನು ಬಂಧಿಸಿದವಳ ಬಾಯಿಂದಲೂ ಬರುತ್ತದೆ. ಲೆವೀನರ ಎಲ್ಲಾ, ಸಿಂಡರೆಲ್ಲಾ ಯಾಕೆ ಹೇಳಿದ್ದನ್ನೆಲ್ಲ ಮಾಡಿದಳೆಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವಳು: ವಿಧೇಯತೆಯು ಅವಳಿಗೆ ಹುಟ್ಟಿನಲ್ಲಿ ತಗಲಿದ ಶಾಪ.

ಕನ್ನಡದಲ್ಲಿ ಮಕ್ಕಳ ಪಾಲನ್ನು ಹಂಚಿದವರು ಸಾಮಾನ್ಯರಲ್ಲ. ‘ಕವಿಶಿಷ್ಯ’ರಾದ ಪಂಜೆ ಮಂಗೇಶರಾಯರು (೧೮೭೪–೧೯೩೭) ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲದ ಮೂಲಕ ಮಾಡಿದ ಕೆಲಸ, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಬ್ರೌನಿಂಗ್ ಕವಿಯ ೧೮೪೨ರ ಇಂಗ್ಲಿಷ್ ಕವಿತೆಯನ್ನು ಮಲೆನಾಡಿನ ಗಾಳಿಯಲ್ಲಿ ಮತ್ತೆ ಹುಟ್ಟಿಸಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಇವು ಯಾವ ಭಾಷೆಗಾದರೂ ಭೂಷಣ. ಜರ್ಮನಿಯ ಊರಿನ ಐತಿಹ್ಯವು ಹೀಗೆ ನಮ್ಮದಾಗಬಹುದಾದರೆ ನಮ್ಮ ಅಡಗೂಲಜ್ಜಿಯ ಕಥೆ ನಮ್ಮ ಕಾದಂಬರಿಯಾಗುವುದಕ್ಕೆ ಭಾಷೆಯಲ್ಲಿ ಅಡ್ಡಿಯೇನೂ ಇರಲಿಲ್ಲ. ಆದರೆ ಇವರ ಶ್ರೋತೃ ಪ್ರಾಥಮಿಕ ಶಾಲೆಯ ಬಾಲಕ. ಅವನಿಗೆ ಇಲಿ ಬೇಕು, ಕರಡಿ ಬೇಕು, ಪ್ರಾಸ ಬೇಕು. ಅವನಿಗೆ ಹಂಚಿಯ ಕಥೆ ಬೇಡ, ಹೇಳಲೂ ಆಗದು.

೧೯೪೯ರಿಂದ ಕನ್ನಡದಲ್ಲಿಯೂ ಬರತೊಡಗಿದ ‘ಚಂದಮಾಮ’ವು ಇವರಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಧಾರಾವಾಹಿಗಳು, ವಿಶೇಷವಾಗಿ ೧೯೫೪ರಿಂದ ದಾಸರಿ ಸುಬ್ರಹ್ಮಣ್ಯಂ ಅವರು ತೆಲುಗಿನಲ್ಲಿ ಬರೆದು ಉಳಿದ ಭಾಷೆಗಳಿಗೆ ಅನುವಾದವಾಗುತ್ತಿದ್ದವು, ಮಾಂತ್ರಿಕರೂ ರಾಕ್ಷಸರೂ ನಿಧಿಗಳೂ ತುಂಬಿದ ನಿಜವಾದ ಅದ್ಭುತ ಕಾದಂಬರಿಗಳೇ. ಬರೆದವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ಆ ಮಟ್ಟಿಗೆ ಅವರು ಅಜ್ಜಿಯ ವಂಶದವರೇ ಸರಿ. ತರುಣರಿಗಾಗಿ ಅಜ್ಜಿಕಥೆಯಿಂದ ಬೆಳೆದ ಕಾದಂಬರಿಯು ಕನ್ನಡದಲ್ಲಿ ಎಲ್ಲಿದೆಯೆಂದು ಯಾರಾದರೂ ಕೇಳಿದರೆ ಮೊದಲು ತೋರಿಸಬೇಕಾದದ್ದು ಇವನ್ನೇ, ವಿದ್ವಾಂಸರು ಇವನ್ನು ಸಾಹಿತ್ಯಚರಿತ್ರೆಯಲ್ಲಿ ಎಣಿಸದೆ ಇರುವುದು ನ್ಯಾಯವಲ್ಲ. ಆದರೂ ಇವುಗಳ ನಾಯಕರು ಬಹುಪಾಲು ಕತ್ತಿ ಹಿಡಿದ ತರುಣರು. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕಥೆಯ ವಂಶ ಇಲ್ಲಿ ಮುಂದುವರಿಯಿತು. ಕಿರಿಯ ಮಗಳ ವಂಶ ನಿಂತಿತು. ಸಿನಿಮಾದಲ್ಲಿಯೂ ಹಾಗೆಯೇ: ೧೯೫೧ರಲ್ಲಿ ‘ಪಾತಾಳ ಭೈರವಿ’ಯೂ ಕನ್ನಡದ ‘ಜಗನ್ಮೋಹಿನಿ’ಯೂ ಟೆಂಟುಗಳಲ್ಲಿ ಜನರನ್ನು ಮುತ್ತಿಸಿದವು, ಮಾಯೆ ಮಂತ್ರಗಳಿಗೆ ಕೊರತೆಯಿರಲಿಲ್ಲ.

ಇನ್ನು ಪ್ರೌಢರ ಪಾಲು. ಇದು ಹೆಚ್ಚಾಗಿ ರಂಗಭೂಮಿಗೆ ಸಂದಿತು. ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ‘ನಾಗಮಂಡಲ’ವನ್ನು (೧೯೮೮) ರಚಿಸಿದರು. ಮನೆಯೊಳಗೆ ಬೀಗಹಾಕಲ್ಪಟ್ಟ ಎಳೆಯ ಹೆಂಡತಿ ರಾಣಿ, ಗಂಡನ ರೂಪದಲ್ಲಿ ರಾತ್ರಿ ಬರುವ ನಾಗ, ಹೇಳದೆ ಬಚ್ಚಿಟ್ಟ ಕಥೆಯು ಹೆಣ್ಣಿ‌ನ ರೂಪತಾಳಿ ಮನೆಬಿಟ್ಟು ಬರುವುದು, ಇವು ಒಳಮನೆಯ ಸ್ವತ್ತು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯೂ ೧೯೯೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನು ಪಡೆದ ನಾಟಕ, ಅವರ ‘ಚಕೋರಿ’ (೧೯೯೬) ತರುಣನೊಬ್ಬನೂ ಯಕ್ಷಿಯೂ ಕೂಡಿದ ದೀರ್ಘಕಥನಕಾವ್ಯ, ‘ಶಿಖರಸೂರ್ಯ’ (೨೦೦೬) ಕಾದಂಬರಿಯಾಗಿಯೇ ಕಲ್ಪಿತ ರಾಜ್ಯಗಳ ನಡುವೆ ನಡೆಯುತ್ತದೆ. ಇವುಗಳ ಮೌಲ್ಯವನ್ನು ಕುರಿತು ಎರಡು ಮಾತಿಲ್ಲ. ಆದರೆ ಇವು ಕಾಮದ, ಅಧಿಕಾರದ, ನಾಗರಿಕತೆಯ ಪ್ರಶ್ನೆಗಳನ್ನು ಪ್ರೌಢಸಹೃದಯರ ಮುಂದಿಡುವ ಕೃತಿಗಳು. ರಾಣಿಯ ಕಥೆಯನ್ನು ರಾಣಿಯ ವಯಸ್ಸಿನವಳಿಗೆ ಹೇಳುವುದು ನಾಟಕಕಾರರ ಉದ್ದೇಶವಾಗಿರಲಿಲ್ಲ, ಆಗಿರಬೇಕೆಂದು ಬಲವಂತಪಡಿಸುವುದೂ ಸರಿಯಲ್ಲ. ಹೂಮರದ ಕಥೆಯ ಪ್ರಯಾಣವಂತೂ ಇನ್ನೂ ವಿಚಿತ್ರ: ಕಾರ್ನಾಡರು ೧೯೯೨ರಲ್ಲಿ ಅದನ್ನು ಹಿಂದಿಯಲ್ಲಿ ‘ಚೆಲುವಿ’ ಎಂಬ ಚಿತ್ರವಾಗಿ ಮಾಡಿದರು, ೨೦೦೬ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಕಾರನು ಅದನ್ನು ಗೀತನಾಟಕವಾಗಿಸಿ ವಿಯೆನ್ನಾ ನಗರದಲ್ಲಿ ಪ್ರದರ್ಶಿಸಿದನು. ಕನ್ನಡದ ಅಡಿಗೆಮನೆಯಿಂದ ಹೊರಟ ಹುಡುಗಿ ವಿಯೆನ್ನಾವನ್ನು ಮುಟ್ಟಿದಳು. ಮಂಡ್ಯದ ಹೈಸ್ಕೂಲಿನ ಹುಡುಗಿಯ ಚೀಲಕ್ಕೆ ಕಾದಂಬರಿಯಾಗಿ ಬರಲಿಲ್ಲ.

ನಡುವಣ ವಯಸ್ಸಿಗೆ ಪುಸ್ತಕವೇಕೆ ಹುಟ್ಟಲಿಲ್ಲ? ಬಹುಕಾಲ ಆ ವಯಸ್ಸೇ ಇರಲಿಲ್ಲವೆಂಬುದು ಒಂದು ಉತ್ತರ. ೧೮೯೪ರಲ್ಲಿ ಮೈಸೂರು ಸರ್ಕಾರವು ಶಿಶುವಿವಾಹನಿಷೇಧದ ಕಾನೂನನ್ನು ಮಾಡಿದಾಗ ಅದು ತಡೆದದ್ದು ಎಂಟು ವರ್ಷಕ್ಕಿಂತ ಕಿರಿಯ ಹೆಣ್ಣುಮಕ್ಕಳ ಮದುವೆಯನ್ನು. ೧೯೨೯ರ ಶಾರದಾ ಕಾನೂನಿನಲ್ಲಿ ಆ ಮಿತಿ ಹದಿನಾಲ್ಕಾಯಿತು, ೧೯೭೮ರಲ್ಲಿ ಹದಿನೆಂಟಾಯಿತು. ಎಂಟು ವರ್ಷಕ್ಕೂ ಹದಿನೆಂಟು ವರ್ಷಕ್ಕೂ ನಡುವೆ ಹೀಗೆ ನಿಧಾನವಾಗಿ ತೆರೆದ ಅವಕಾಶವನ್ನು ತುಂಬಿದ್ದು ಶಾಲೆ. ಮೈಸೂರಿನಲ್ಲಿ ೧೮೮೧ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅಲ್ಲಿ ಕೂತವರು ಚಿಕ್ಕ ಬಾಲೆಯರು. ಈಗ ಯಲಿಯೂರಿನಂಥ ಊರಿನಿಂದ ಹದಿನಾರರ ಹುಡುಗಿ ಕಾಲೇಜಿಗೆ ಹೋಗುವುದು ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ಅಜ್ಜಿಯ ಕಾಲದಲ್ಲಿ ಹುಡುಗಿಯು ಬಾಲ್ಯದಿಂದ ನೇರವಾಗಿ ಮತ್ತೊಂದು ಮನೆಗೆ ಕಾಲಿಡುತ್ತಿದ್ದಳು. ಎರಡು ಮನೆಗಳ ನಡುವಣ ಹೊಳೆಗೆ ಕಥೆಯೊಂದೇ ಸೇತುವೆ. ಈಗ ಆ ಹೊಳೆ ಹತ್ತು ವರ್ಷದಷ್ಟು ಅಗಲವಾಗಿದೆ. ಸೇತುವೆ ಕಟ್ಟುವವರು ಮಾತ್ರ ಹಳೆಯ ಎರಡು ದಡಗಳಲ್ಲಿಯೇ ನಿಂತಿದ್ದಾರೆ.

ಆದರೆ ಹುಡುಗಿಯರು ಓದದೆ ಇರಲಿಲ್ಲ. ಅವರು ಓದಿದ್ದು ಸಾಮಾಜಿಕ ಕಾದಂಬರಿಯನ್ನು, ಅದರಲ್ಲಿಯೂ ಹೆಂಗಸರು ಬರೆದುದನ್ನು. ‘ಇಂದಿರಾಬಾಯಿ’ಯನ್ನೇ ಈ ದೃಷ್ಟಿಯಿಂದ ಮತ್ತೆ ನೋಡಿದರೆ ಒಂದು ಕುತೂಹಲಕರವಾದ ಹೋಲಿಕೆ ಕಾಣುತ್ತದೆ. ಬಾಲವಿಧವೆಯಾದ ಇಂದಿರೆಯು ಕೆಟ್ಟುಹೋದ ಮನೆಯಿಂದ, ಧರ್ಮದ ವೇಷ ತೊಟ್ಟವರ ಕೈಯಿಂದ ತಪ್ಪಿಸಿಕೊಂಡು ಹೊರಟು, ಬೇರೊಂದು ಮನೆಯಲ್ಲಿ ಆಶ್ರಯ ಪಡೆದು, ವಿದ್ಯೆ ಕಲಿತು, ಮರುಮದುವೆಯಾಗುತ್ತಾಳೆ. ಮಣ್ಣಿನ ಮೋರೆಯೊಂದನ್ನು ಬಿಟ್ಟರೆ ಹಂಚಿಯ ಹಾದಿಯೇ. ಗುಲ್ವಾಡಿಯವರು ಅಜ್ಜಿಕಥೆಯನ್ನು ಅನುಸರಿಸಿದರೆಂದು ನಾವು ಹೇಳುತ್ತಿಲ್ಲ. ಒಂದೇ ನೆಲದ ಒಂದೇ ಸಂಕಟವು ಎರಡು ಕಡೆ ಒಡೆದು ಕಾಣಿಸಿತು, ಅಷ್ಟೆ. ಮಂಡ್ಯದಲ್ಲಿ ಜನಿಸಿದ ತ್ರಿವೇಣಿಯವರು (೧೯೨೮–೧೯೬೩) ಇದೇ ದಾರಿಯನ್ನು ಮನಶ್ಶಾಸ್ತ್ರದ ದೀಪ ಹಿಡಿದು ನಡೆದರು. ‘ಶರಪಂಜರ’ದ ಕಾವೇರಿ ಬುದ್ಧಿಭ್ರಮೆಗೊಳಗಾಗಿ ಗುಣಹೊಂದಿ ಹಿಂದಿರುಗಿದರೂ ಮನೆಯವರು ಅವಳನ್ನು ನಂಬುವುದಿಲ್ಲ. ಹೂಮರದ ಹುಡುಗಿ ಮುರಿದ ಕೊಂಬೆಗಳೊಡನೆ ಬಿದ್ದಿದ್ದಳು. ಕಾವೇರಿ ಮುರಿದ ಮನಸ್ಸಿನೊಡನೆ. ಹೂಮರದವಳಿಗೆ ನೀರೆರೆಯುವ ಕೈಯೊಂದು ಸಿಕ್ಕಿತು, ಕಾವೇರಿಗೆ ಸಿಕ್ಕಲಿಲ್ಲ. ಅದ್ಭುತವನ್ನು ಕಳೆದ ಮೇಲೆ ಕಾದಂಬರಿಯು ಸತ್ಯವನ್ನು ಹೇಳಬಲ್ಲುದಾಯಿತು. ಮುರಿದುದನ್ನು ಕೂಡಿಸುವ ಉಪಾಯವನ್ನು ಕಳೆದುಕೊಂಡಿತು. ತ್ರಿವೇಣಿಯವರನ್ನು ಓದಿದ ತಲೆಮಾರಿನ ಹುಡುಗಿಯರಿಗೆ ಲೋಕದ ಎಚ್ಚರ ಸಿಕ್ಕಿತು, ಧೈರ್ಯ ಅಷ್ಟಾಗಿ ಸಿಕ್ಕಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಬೇರೆಯವರಿಗೆ ಬೇರೆಯಾಗಿ ತೋರಬಹುದು.

ಇದಕ್ಕೆ ಎರಡು ಆಕ್ಷೇಪಗಳು ಏಳುತ್ತವೆ. ಬಾಯಿಮಾತಿನ ಕಥೆಯನ್ನು ಕಾದಂಬರಿಯಾಗಿ ಹಿಗ್ಗಿಸಿದರೆ ಅದರ ಮಿತವಾದ ಸೊಗಸು ಕೆಡುವುದೆಂಬುದು ಒಂದು. ಹಿಗ್ಗಿಸಿದ ಮಾತ್ರಕ್ಕೆ ಕೆಡುವುದಾದರೆ ಬಾಣನು ಬೃಹತ್ಕಥೆಯ ಒಂದು ಎಳೆಯಿಂದ ‘ಕಾದಂಬರಿ’ಯನ್ನು ನೇಯುತ್ತಿರಲಿಲ್ಲ. ಕಿರಿಯರಿಗೆ ಇಂಥ ಕಠೋರವಾದ ವಿಷಯಗಳನ್ನು ಹೇಳಬಹುದೆ ಎಂಬುದು ಎರಡನೆಯದು. ಅಧ್ಯಾಪಕರಿಂದ ಇದು ಹೆಚ್ಚಾಗಿ ಬರುವುದು ಸಹಜ. ಇದಕ್ಕೆ ಅಜ್ಜಿಯ ಕ್ರಮವೇ ಉತ್ತರ. ಅಣ್ಣನು ತಂಗಿಯನ್ನು ಬಯಸಿದನೆಂದು ಅವಳು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ವರ್ಣಿಸುವುದಿಲ್ಲ, ಮರೆಮಾಚುವುದೂ ಇಲ್ಲ. ಅವಳ ಗಮನವೆಲ್ಲ ಮುಸುಕಿನ ಮೇಲೆ, ಬುತ್ತಿಯ ಮೇಲೆ, ಮುಂದಿನ ಊರಿನ ಮೇಲೆ.

ಮೆಕಿನ್ಲಿಯವರ ‘ಡೀರ್‌ಸ್ಕಿನ್’ (೧೯೯೩) ಎಂಬ ಕಾದಂಬರಿಯು ಹಂಚಿಯ ಕಥೆಯ ಕವಲಿಗೇ, ಪೆರೋನ ಕತ್ತೆಯ ತೊಗಲಿನ ಹುಡುಗಿಯ ಕಥೆಗೆ ಸೇರಿದ್ದು. ತಂದೆಯಿಂದಲೇ ಅತ್ಯಾಚಾರಕ್ಕೊಳಗಾದ ಲಿಸ್ಸಾರ್ ತನ್ನ ಬೇಟೆನಾಯಿಯೊಂದರ ಜೊತೆಗೆ ಬೆಟ್ಟದ ಮೇಲಿನ ಗುಡಿಸಲನ್ನು ಸೇರಿ ಒಂದು ಚಳಿಗಾಲವನ್ನು ಕಳೆಯುತ್ತಾಳೆ. ಹಳೆಯ ಕಥೆಯಲ್ಲಿ ಅವಳು ಓಡಿಹೋದಳು, ಇನ್ನೊಂದು ಅರಮನೆಯನ್ನು ಸೇರಿದಳು ಎಂದು ಮುಗಿಯುವ ಕಡೆ, ಕಾದಂಬರಿಯು ನಿಂತು ಅಧ್ಯಾಯಗಳನ್ನು ಬರೆಯುತ್ತದೆ: ಹಿಮ, ಹಸಿವು, ನೆನಪು ಬಾರದಂತೆ ಮುಚ್ಚಿಕೊಂಡ ಮನಸ್ಸು, ನಾಯಿಯ ಬೆಚ್ಚನೆಯ ಮೈ, ಒಂದೊಂದೇ ದಿನ ಹಿಂದಿರುಗುವ ಬದುಕು. ನಮ್ಮ ಹಂಚಿಯ ಕಥೆಯಲ್ಲಿಯೂ ಅಂಥ ಎಡೆಗಳು ಎರಡಿವೆ. ತಾಯಿಯ ಮನೆಯ ಬಾಗಿಲಿನಿಂದ ಸಾಹುಕಾರನ ಮನೆಯ ಬಾಗಿಲಿನ ತನಕ ಮಣ್ಣಿನ ಮೋರೆ ತೊಟ್ಟು ನಡೆದ ದಾರಿ ಒಂದು. ಮನೆಯವರು ಹೊರಹಾಕಿದಂದಿನಿಂದ ತನ್ನ ಕೈಯ ಸಿಹಿಯನ್ನ ಬಡಿಸುವ ದಿನದ ತನಕ ಬೇರೊಬ್ಬ ಮುದುಕಿಯ ಆಶ್ರಯದಲ್ಲಿ ಕಳೆದ ಕಾಲ ಇನ್ನೊಂದು. ಅಜ್ಜಿಯು ಇವೆರಡನ್ನೂ ಒಂದೊಂದು ವಾಕ್ಯದಲ್ಲಿ ದಾಟುತ್ತಾಳೆ. ಕೇಳುವ ಹುಡುಗಿ ಆ ದಾರಿಯನ್ನು ಮನಸ್ಸಿನಲ್ಲಿಯೇ ತುಂಬಿಕೊಳ್ಳಲಿ ಎಂದು ಬಿಟ್ಟಿದ್ದಾಳೆ. ಕನ್ನಡದ ಕಾದಂಬರಿಕಾರರು ಯಾರೂ ಇನ್ನೂ ಕಾಲಿಡದ ನೆಲ ಇರುವುದು ಆ ಎರಡು ವಾಕ್ಯಗಳ ಒಳಗೆ.